ಮೊಣಗಂಟಿನ ಆಪರೇಶನ್ ಆದ ಮೇಲೆ ಅಮ್ಮನ ತೊಡೆಯ ಹಿಂದೆ ಸುಟ್ಟಂಥ ಗಾಯ: ಇದು ಅಯೋಡಿನ್ ಅಲರ್ಜಿಯಾ?

ಕುಂಬಳೆಯ ಮಗಳು:

ಎಲ್ಲರಿಗೂ ನಮಸ್ಕಾರ. ನಮ್ಮದು ಕಾಸರಗೋಡಿನ ಕುಂಬಳೆ ಹತ್ತಿರ. ಅಮ್ಮನಿಗೆ 67 ವರ್ಷ. ಸಕ್ಕರೆ ಕಾಯಿಲೆ ಉಂಟು, ಮಾತ್ರೆಯಲ್ಲೇ ಹಿಡಿತದಲ್ಲಿದೆ. ಎರಡೂ ಮೊಣಗಂಟು ಸವೆದು ಬಚ್ಚಲಿಗೆ ಇಳಿಯುವುದೂ ಕಷ್ಟ ಆಗಿತ್ತು. ಅಂತೂ ಇಂತೂ ಒಪ್ಪಿಸಿ ಕಳೆದ ತಿಂಗಳು ಬಲಗಾಲಿನ ಗಂಟು ಬದಲಿಸಿದೆವು. ಎಡಗಾಲಿನದ್ದು ಇನ್ನು ಆಗಬೇಕು. ಆಸ್ಪತ್ರೆಯ ಹೆಸರು ಇಲ್ಲಿ ಬೇಡ.

ಆಪರೇಶನ್ ಚೆನ್ನಾಗಿಯೇ ಆಯಿತು. ಹೊಲಿಗೆ ಒಣಗಿದೆ, ವಾಕರ್ ಹಿಡಿದು ಜಗಲಿಯವರೆಗೆ ನಡೆಯುತ್ತಾರೆ. ತೊಂದರೆ ಇರುವುದು ಬೇರೆ ಕಡೆ. ಆಪರೇಶನ್ ಆದ ಮರುದಿನ ಬೆಳಿಗ್ಗೆ ಮೈ ಒರೆಸಲು ಅಮ್ಮನನ್ನು ಮಗ್ಗುಲಾಗಿಸಿದೆ. ಬಲ ತೊಡೆಯ ಹಿಂದೆ, ಮೇಲ್ಗಡೆ, ಕೆಂಪಗೆ ಒಂದು ಅಡ್ಡ ಪಟ್ಟಿ. ಯಾರೋ ಬೆಲ್ಟ್ ಬಿಗಿದ ಗುರುತು ಇದ್ದಂತೆ. ಆದರೆ ತೊಡೆಯ ಎದುರುಗಡೆ ಏನೂ ಇಲ್ಲ, ಹಿಂದೆ ಮಾತ್ರ. ಆ ಪಟ್ಟಿಯಿಂದ ಒಂದು ಗೆರೆ ಕುಂಡೆಯ ಕಡೆಗೆ ಹರಿದಿತ್ತು. ಕಂದು ಬಣ್ಣದ ಔಷಧಿ ಅಲ್ಲೇ ಒಣಗಿ ಅಂಟಿಕೊಂಡಿತ್ತು. ಚಂಡಿ (ಒದ್ದೆ) ಬಟ್ಟೆಯಲ್ಲಿ ಒರೆಸಿದರೆ ಬಟ್ಟೆ ಹಳದಿ ಆಯಿತು. ಸಂಜೆಗೆ ಬೊಕ್ಕೆ ಎದ್ದವು. ಮನೆಗೆ ಬರುವಷ್ಟರಲ್ಲಿ ಬೊಕ್ಕೆ ಒಡೆದು ಚರ್ಮ ಕಿತ್ತು ಬಂದು ಹಸಿ ಹಸಿಯಾಗಿತ್ತು.

ವಾರ್ಡಿನಲ್ಲಿ ಒಬ್ಬರು ಪ್ಲಾಸ್ಟರ್ ಆಗಿಬಂದಿಲ್ಲ ಅಂದರು. ಇನ್ನೊಬ್ಬರು ನಿಮ್ಮ ಅಮ್ಮನ ಚರ್ಮವೇ ಸೂಕ್ಷ್ಮ ಅಂದರು. ಡ್ಯೂಟಿ ಡಾಕ್ಟರು ನೋಡಿ 'ಬೆಟಾಡಿನ್ ಅಲರ್ಜಿ' ಅಂದರು. ಆಪರೇಶನ್ನಿಗೆ ಮೊದಲು ಹಚ್ಚುವ ಆ ಕಂದು ಅಯೋಡಿನ್ ಔಷಧಿಯೇ ಬೆಟಾಡಿನ್. ಡಿಸ್ಚಾರ್ಜ್ ಕಾರ್ಡಿನಲ್ಲಿ ಕೆಂಪು ಶಾಯಿಯಲ್ಲಿ 'ಅಯೋಡಿನ್ ಅಲರ್ಜಿ' ಅಂತ ಬರೆದೂ ಕೊಟ್ಟರು. ವಾರ್ಡಿನಲ್ಲಿ ಮಾತೆಲ್ಲ ಮಲಯಾಳ, ಕಾರ್ಡು ಇಂಗ್ಲಿಷಿನಲ್ಲಿ, ಅಮ್ಮನಿಗೆ ಬರುವುದು ತುಳು ಮತ್ತು ಕನ್ನಡ. ಅವರಿಗೆ ಅರ್ಥ ಆದದ್ದು ಇಷ್ಟೇ: ನನ್ನನ್ನು ಅಲ್ಲಿ ಸುಟ್ಟು ಹಾಕಿದ್ದಾರೆ.

ಈಗ ಮನೆಯಲ್ಲಿ ದೊಡ್ಡ ರಾಮಾಯಣ. ಅತ್ತಿಗೆ ಮೊಬೈಲಿನಲ್ಲಿ ನೋಡಿ ಮೀನಿನಲ್ಲಿ ಅಯೋಡಿನ್ ಉಂಟು ಅಂದಳು. ಬೂತಾಯಿ ಬಂದ್, ಬಂಗುಡೆ ಬಂದ್, ಸಿಗಡಿಯ ಹೆಸರು ಎತ್ತುವ ಹಾಗಿಲ್ಲ. ಪ್ಯಾಕೆಟ್ ಉಪ್ಪಿನಲ್ಲೂ ಅಯೋಡಿನ್ ಅಂತ ಬರೆದಿದೆ, ಹಾಗಾಗಿ ಸಂತೆಯಿಂದ ಕಲ್ಲುಪ್ಪು ಬಂತು. ಅಮ್ಮ ಹೇಳುವುದು, ಮೀನಿಲ್ಲದೆ ಉಣ್ಣುವುದಕ್ಕಿಂತ ಆ ಗಂಟುನೋವೇ ವಾಸಿ ಇತ್ತು ಅಂತ. ಇದರ ಮಧ್ಯೆ ಹತ್ತಿರದ ಕ್ಲಿನಿಕ್ಕಿನ ಹುಡುಗ ದಿನಾ ಬಂದು ತೊಡೆಯ ಗಾಯಕ್ಕೆ ಡ್ರೆಸ್ಸಿಂಗ್ ಮಾಡುತ್ತಾನೆ. ಎಂತದರಲ್ಲಿ? ಅದೇ ಬೆಟಾಡಿನ್ ಮುಲಾಮಿನಲ್ಲಿ! ಅಲರ್ಜಿ ಅಂತ ಕಾರ್ಡ್ ತೋರಿಸಿದರೆ, ಮುಲಾಮು ಬೇರೆ, ನೀರೌಷಧಿ ಬೇರೆ ಅನ್ನುತ್ತಾನೆ.

ಇದು ನಿಜಕ್ಕೂ ಅಲರ್ಜಿಯಾ? ಎಡಗಾಲಿನ ಆಪರೇಶನ್ ಮಾಡಿಸಬಹುದಾ? ಗೊತ್ತಿದ್ದವರು ದಯವಿಟ್ಟು ಹೇಳಿ.

ಪೆರ್ಲದ ಭಟ್ರು:

ಇದು ಔಷಧಿಯೂ ಅಲ್ಲ, ಅಲರ್ಜಿಯೂ ಅಲ್ಲ. ಕರೆಂಟಿನ ಗಾಯ. ಈಗ ಆಪರೇಶನ್ನಿನಲ್ಲಿ ರಕ್ತ ನಿಲ್ಲಿಸಲು ಕಾಟರಿ ಅಂತ ಕರೆಂಟಿನ ಪೆನ್ನು ಇಟ್ಟುಕೊಳ್ಳುತ್ತಾರೆ. ಆ ಕರೆಂಟು ವಾಪಸ್ ಹೋಗಲಿಕ್ಕೆ ಮೈಗೆ ಒಂದು ಪ್ಲೇಟ್ ಅಂಟಿಸುತ್ತಾರೆ. ಅದು ಸರಿಯಾಗಿ ಅಂಟದಿದ್ದರೆ ಅಲ್ಲೇ ಸುಡುತ್ತದೆ. ನಮ್ಮ ನೆಂಟರೊಬ್ಬರಿಗೆ ಹಾಗೇ ಆಗಿತ್ತು. ಇವರೆಲ್ಲ ಮುಚ್ಚಿಹಾಕಲು ಅಲರ್ಜಿ ಅಂತ ಬರೆಯುವುದು. ಸುಮ್ನೆ ಬಿಡಬೇಡಿ. 2019ರ ಗ್ರಾಹಕ ರಕ್ಷಣಾ ಕಾಯ್ದೆ ಉಂಟು, ಕಾಸರಗೋಡಿನಲ್ಲೇ ಜಿಲ್ಲಾ ಗ್ರಾಹಕರ ಆಯೋಗ ಉಂಟು. ಎರಡು ವರ್ಷದ ಒಳಗೆ ದೂರು ಕೊಡಬೇಕು.

ಬದಿಯಡ್ಕದ ಸಿಸ್ಟರ್:

ತಂಗೀ, ನಾನು ಮಂಗಳೂರಿನಲ್ಲಿ ಆಪರೇಶನ್ ಥಿಯೇಟರ್ ಸಿಸ್ಟರ್ ಆಗಿದ್ದವಳು. ಈಗ ನಿವೃತ್ತಿಯಾಗಿ ಬದಿಯಡ್ಕದಲ್ಲಿ ಅಡಿಕೆ ಸುಲಿಯುವವರಿಗೆ ಚಹಾ ಮಾಡಿಕೊಂಡು ಇದ್ದೇನೆ. ಡಾಕ್ಟರ್ ಅಲ್ಲ, ಗಾಯವನ್ನು ಕಣ್ಣಿಂದ ನೋಡಿದವಳೂ ಅಲ್ಲ. ಆದರೆ ನೀವು ನೋಡಿದ್ದನ್ನು ನೋಡಿದ ಹಾಗೆ ಬರೆದಿದ್ದೀರಿ. ಪಟ್ಟಿಯ ಆಕಾರ, ಹಿಂದೆ ಮಾತ್ರ ಇರುವುದು, ಕುಂಡೆಯ ಕಡೆಗೆ ಹರಿದ ಗೆರೆ, ಒರೆಸಿದಾಗ ಹಳದಿಯಾದ ಬಟ್ಟೆ. ಇದಕ್ಕಿಂತ ಜಾಸ್ತಿ ಸಾಕ್ಷಿ ನನಗೆ ಬೇಕಿಲ್ಲ.

ಒಳಗೆ ಏನಾಗುತ್ತದೆ ಅಂತ ಹೇಳುತ್ತೇನೆ, ಕೇಳಿ. ಗಂಟಿನ ಆಪರೇಶನ್ನಿನಲ್ಲಿ ರಕ್ತ ಹೋಗಬಾರದು ಅಂತ ತೊಡೆಯ ಮೇಲ್ಗಡೆ ಟೂರ್ನಿಕೆಟ್ ಕಟ್ಟುತ್ತಾರೆ. ಬಿ.ಪಿ. ನೋಡುವ ಪಟ್ಟಿ ಉಂಟಲ್ವಾ, ಅದರ ಅಣ್ಣ. ಒಳಗೆ ಹತ್ತಿಯ ರೋಲ್ ಸುತ್ತಿ, ಮೇಲೆ ಈ ಪಟ್ಟಿ ಕಟ್ಟಿ ಗಾಳಿ ತುಂಬುತ್ತಾರೆ. ಬಿ.ಪಿ.ಯ ಅಳತೆಯಲ್ಲೇ ಹೇಳುವುದಾದರೆ ಸಾಮಾನ್ಯವಾಗಿ 250ರಿಂದ 300ರವರೆಗೆ ಒತ್ತಡ. ಆಮೇಲೆ ಒಬ್ಬರು ಹಿಮ್ಮಡಿ ಹಿಡಿದು ಕಾಲನ್ನು ಮೇಲಕ್ಕೆ ಎತ್ತುತ್ತಾರೆ. ಎತ್ತದಿದ್ದರೆ ಕಾಲಿನ ಹಿಂಬದಿಗೆ ಔಷಧಿ ಹಚ್ಚಲು ಆಗುವುದಿಲ್ಲ. ಇನ್ನೊಬ್ಬರು ಪಾದದಿಂದ ತೊಡೆಯವರೆಗೆ ಬೆಟಾಡಿನ್ ಬಳಿಯುತ್ತಾರೆ. ಎತ್ತಿದ ಕಾಲಿಗೆ ಸುರಿಯುವಷ್ಟು ಔಷಧಿ ಹಚ್ಚಿದರೆ ಅದು ಎಲ್ಲಿಗೆ ಹೋಗುತ್ತದೆ? ತೊಡೆಯ ಹಿಂಬದಿಯಲ್ಲಿ ಇಳಿದು ಸೀದಾ ಪಟ್ಟಿಯ ಒಳಗೆ. ಹತ್ತಿ ಅದನ್ನು ಹೀರಿಕೊಳ್ಳುತ್ತದೆ. ಉಳಿದದ್ದು ಕುಂಡೆಯ ಅಡಿಗೆ. ಮೇಲಿಂದ ಬಟ್ಟೆ ಮುಚ್ಚಿದ ಮೇಲೆ ಅದು ಯಾರಿಗೂ ಕಾಣುವುದಿಲ್ಲ.

ಇನ್ನು ಒಂದು ಒಂದೂವರೆ ಗಂಟೆ ಆ ಚಂಡಿ ಹತ್ತಿ ಚರ್ಮಕ್ಕೆ ಒತ್ತಿಕೊಂಡೇ ಇರುತ್ತದೆ. ಗಾಳಿ ಇಲ್ಲ, ಒತ್ತಡದಿಂದ ರಕ್ತದ ಓಡಾಟವೂ ಇಲ್ಲ. ಚರ್ಮ ನೆನೆದು ಮೆತ್ತಗಾಗುತ್ತದೆ. ಬೆಟಾಡಿನ್ ಒಣಗಿಬಿಟ್ಟರೆ ಪಾಪದ ಔಷಧಿ. ಒಣಗದೆ ಸಿಕ್ಕಿಹಾಕಿಕೊಂಡರೆ ಚರ್ಮವನ್ನು ತಿನ್ನುತ್ತದೆ. ಅಮ್ಮನಿಗೆ ಬೆನ್ನಿಗೆ ಸೂಜಿ ಕೊಟ್ಟಿರುತ್ತಾರೆ, ಸೊಂಟದಿಂದ ಕೆಳಗೆ ಗೊತ್ತೇ ಇಲ್ಲ. ಗೊತ್ತಾಗುತ್ತಿದ್ದರೆ ಬೇಗನೇ 'ಅಲ್ಲಿ ಉರಿಯುತ್ತದೆ' ಅಂತ ಕೂಗುತ್ತಿದ್ದರು.

ಅಲರ್ಜಿಯ ಮಾತಿಗೆ ಬರೋಣ. ಔಷಧಿ ಹಚ್ಚಿದ್ದು ಪಾದದಿಂದ ತೊಡೆಯವರೆಗೆ. ಅಲರ್ಜಿ ಆಗಿದ್ದರೆ ಕಣಕಾಲಿಗೂ, ಮೀನಖಂಡಕ್ಕೂ ಬರಬೇಕಿತ್ತಲ್ವಾ? ಗಂಟಿನ ಹೊಲಿಗೆಗೂ ಡ್ರೆಸ್ಸಿಂಗ್ ಮಾಡುವಾಗ ಬೆಟಾಡಿನ್ ಹಚ್ಚಿದ್ದಾರಾ? ಅಲ್ಲಿ ತುರಿಕೆ, ಕೆಂಪು ಏನಾದರೂ ಬಂತಾ? ಇದೊಂದನ್ನು ಹೇಳಿ.

ಭಟ್ರೆ, ನೀವು ಹೇಳಿದ ಪ್ಲೇಟಿನ ಸುಡುವಿಕೆ ಇಲ್ಲ ಅಂತ ಅಲ್ಲ, ಉಂಟು. ಆದರೆ ಅದು ಪ್ಲೇಟ್ ಅಂಟಿಸಿದ ಜಾಗದಲ್ಲಿ, ಅದರದ್ದೇ ಆಕಾರದಲ್ಲಿ ಅಥವಾ ಅಂಚಿನಲ್ಲಿ ಆಗುತ್ತದೆ. ಪ್ಲೇಟ್ ತೆಗೆಯುವಾಗಲೇ ಸಾಮಾನ್ಯವಾಗಿ ಕಾಣುತ್ತದೆ. ಬಲಗಾಲಿನ ಆಪರೇಶನ್ನಿಗೆ ಟೂರ್ನಿಕೆಟ್ ಇರುವ ತೊಡೆಯ ಹಿಂದೆಯೇ ಯಾರೂ ಪ್ಲೇಟ್ ಅಂಟಿಸುವುದಿಲ್ಲ. ಮತ್ತೆ, ಕರೆಂಟು ಹಳದಿ ನೀರಿನ ಗೆರೆ ಎಳೆದು ಹೋಗುವುದಿಲ್ಲ.

ಕುಂಬಳೆಯ ಮಗಳು:

ಸಿಸ್ಟರ್, ತುಂಬ ಉಪಕಾರ ಆಯಿತು. ಕಣಕಾಲು, ಪಾದ ಎಲ್ಲ ಕ್ಲೀನ್. ಒಂದು ಗುಳ್ಳೆ ಇಲ್ಲ. ಹೊಲಿಗೆಗೆ ಆಸ್ಪತ್ರೆಯಲ್ಲೂ ಬೆಟಾಡಿನ್ ಹಚ್ಚುತ್ತಿದ್ದರು, ಇಲ್ಲಿ ಆ ಹುಡುಗನೂ ಹಚ್ಚುತ್ತಿದ್ದ. ಅಲ್ಲಿ ಏನೂ ಆಗಲಿಲ್ಲ. ಇದು ನನಗೆ ಹೊಳೆಯಲೇ ಇಲ್ಲ ನೋಡಿ. ಇನ್ನೊಂದು ನೆನಪಾಯಿತು. ಅಮ್ಮನನ್ನು ವಾರ್ಡಿಗೆ ತಂದಾಗ ಅಡಿಯ ಬಟ್ಟೆಯಲ್ಲೂ ಸೊಂಟದ ಹತ್ತಿರ ಕಂದು ಕಲೆ ಇತ್ತು. ಅದನ್ನು ಬದಲಿಸಿದ್ದು ರಾತ್ರಿ.

ಬೆಟಾಡಿನ್ ಬದಲು ಬೇರೆ ಔಷಧಿ ಹಚ್ಚಿ ಅಂತ ಕೇಳಬಹುದಾ? ಅತ್ತಿಗೆ ಯಾವುದೋ ಗುಲಾಬಿ ಬಣ್ಣದ್ದು ಒಳ್ಳೆಯದು ಅನ್ನುತ್ತಾಳೆ.

ಪೆರ್ಲದ ಭಟ್ರು:

ಸಿಸ್ಟರ್ ಹೇಳಿದ್ದು ಒಪ್ಪೋಣ. ಆದರೂ ತಪ್ಪು ಅವರದ್ದೇ ಅಲ್ವಾ? ಚರ್ಮ ಸೂಕ್ಷ್ಮ ಅಂತ ರೋಗಿಯ ತಲೆಗೆ ಕಟ್ಟಿದ್ದು ಯಾಕೆ? ಒಳಗೆ ಇರುವವರಿಗೆ ರೋಗಿಯ ಚರ್ಮದ ಬಗ್ಗೆ ಕಾಳಜಿಯೇ ಇಲ್ಲ.

ಬದಿಯಡ್ಕದ ಸಿಸ್ಟರ್:

ಭಟ್ರೆ, ಚರ್ಮದ ವಿಷಯ ನಮ್ಮ ಹತ್ತಿರ ಹೇಳಬೇಡಿ ಮಾರಾಯ್ರೆ! ಅದೇ ಔಷಧಿಯಲ್ಲಿ ದಿನಕ್ಕೆ ಎಷ್ಟೋ ಸಲ ಮೊಣಕೈವರೆಗೆ ತಿಕ್ಕಿ ತೊಳೆಯುವವರು ನಾವು. ಕೈ ತೊಳೆಯುವ ಬೆಟಾಡಿನ್ ಸ್ಕ್ರಬ್ ಶೇ. 7.5ರದ್ದು, ಅದರಲ್ಲಿ ಸಾಬೂನಿನ ಅಂಶವೂ ಉಂಟು. ಮಳೆಗಾಲದಲ್ಲಿ ನನ್ನ ಬೆರಳ ಗಂಟುಗಳು ಒಡೆದು, ಮನೆಯಲ್ಲಿ ಮೆಣಸು ಅರೆಯಲು ಆಗುತ್ತಿರಲಿಲ್ಲ. ಥಿಯೇಟರಿನಲ್ಲಿ ರಬ್ಬರ್ ಗ್ಲೌಸ್ ಬಂದ ಕತೆ ಗೊತ್ತುಂಟಾ? ಅಮೆರಿಕದ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಕ್ಯಾರೊಲಿನ್ ಹ್ಯಾಂಪ್ಟನ್ ಅಂತ ಥಿಯೇಟರ್ ನರ್ಸ್ ಇದ್ದರು. ಆಗ ಪಾದರಸದ ಕ್ಲೋರೈಡಿನಲ್ಲಿ ಕೈ ಅದ್ದಬೇಕಿತ್ತು. ಅವರ ಕೈಯ ಚರ್ಮ ಕಿತ್ತುಹೋಗಿ ಕೆಲಸ ಬಿಡುವ ಹಾಗಾಯಿತು. 1889-90ರ ಹೊತ್ತಿಗೆ ಸರ್ಜನ್ ಹಾಲ್ಸ್ಟೆಡ್ ಗುಡ್‌ಇಯರ್ ರಬ್ಬರ್ ಕಂಪೆನಿಗೆ ಹೇಳಿ ಅವರಿಗೆ ತೆಳುವಾದ ಗ್ಲೌಸ್ ಮಾಡಿಸಿಕೊಟ್ಟರು. 1890ರಲ್ಲಿ ಅವರನ್ನೇ ಮದುವೆಯೂ ಆದರು. ರೋಗಿಗೆ ಕೀವಾಗದಿರಲಿ ಅಂತ ಬಂದ ಗ್ಲೌಸ್ ಅಲ್ಲ ಅದು, ನರ್ಸಿನ ಕೈ ಉಳಿಯಲಿ ಅಂತ ಬಂದದ್ದು. ಕೀವು ಕಮ್ಮಿ ಆಗುತ್ತದೆ ಅಂತ ಗೊತ್ತಾದದ್ದು ಆಮೇಲೆ.

ಹಾಗಂತ ಆಸ್ಪತ್ರೆಯವರ ಪರ ಮಾತಾಡುತ್ತಿಲ್ಲ. ಇದು ತಪ್ಪಿಸಬಹುದಾದ ಗಾಯ. ಚರ್ಮ ಸೂಕ್ಷ್ಮ ಅಂದದ್ದು ನನಗೂ ಸಿಟ್ಟು ಬಂತು. ವಯಸ್ಸಾದವರ ಚರ್ಮ ತೆಳು, ಸಕ್ಕರೆ ಇದ್ದವರದ್ದು ನಿಧಾನಕ್ಕೆ ಮಾಯುತ್ತದೆ, ನಿಜ. ಹಾಗಿದ್ದರೆ ಒಂದು ಟವೆಲ್ ಜಾಸ್ತಿ ಇಡಬೇಕು, ಅಷ್ಟೇ.

ತಂಗೀ, ಗುಲಾಬಿ ಬಣ್ಣದ್ದು ಅಂದರೆ ಕ್ಲೋರ್‌ಹೆಕ್ಸಿಡಿನ್ ಇರಬೇಕು. ಸ್ಪಿರಿಟ್ ಬೆರೆಸಿದ್ದು, ಶೇ. 2 ಕ್ಲೋರ್‌ಹೆಕ್ಸಿಡಿನ್, ಶೇ. 70 ಐಸೊಪ್ರೊಪೈಲ್ ಆಲ್ಕೋಹಾಲ್. ಒಳ್ಳೆಯ ಔಷಧಿಯೇ. ಈಗ ತುಂಬ ಕಡೆ ಅದನ್ನೇ ಹಚ್ಚುತ್ತಾರೆ. ಆದರೆ ಪಟ್ಟಿಯ ಅಡಿಗೆ ಹೋದರೆ ಅದೂ ಸುಡುತ್ತದೆ, ಸ್ಪಿರಿಟ್ ಅಲ್ವಾ. ಇನ್ನೊಂದು ಅಪಾಯ ಜಾಸ್ತಿ. ಒಣಗುವ ಮೊದಲೇ ಬಟ್ಟೆ ಮುಚ್ಚಿ ಕಾಟರಿ ಹಿಡಿದರೆ, ಒಳಗೆ ತುಂಬಿದ ಸ್ಪಿರಿಟ್ ಆವಿಗೆ ಬೆಂಕಿ ಹತ್ತಬಹುದು. ಥಿಯೇಟರಿನ ಜೋರು ಬೆಳಕಿನಲ್ಲಿ ಆ ಉರಿ ಸರಿಯಾಗಿ ಕಾಣುವುದೂ ಇಲ್ಲ. ರೋಮ ಇಲ್ಲದ ಚರ್ಮದಲ್ಲಿ ಕನಿಷ್ಠ 3 ನಿಮಿಷ ಒಣಗಲು ಬಿಡಬೇಕು. ಕೂದಲು ಇರುವ ಕಡೆ ಒಂದು ಗಂಟೆಯೂ ಬೇಕಾಗಬಹುದು. ಹಾಗಾಗಿ ಔಷಧಿ ಬದಲಿಸಿ ಅಂತ ಹಟ ಹಿಡಿಯುವುದರಲ್ಲಿ ಅರ್ಥ ಇಲ್ಲ. ಯಾವುದನ್ನು ಹಚ್ಚಿದರೂ ಅದು ಪಟ್ಟಿಯ ಒಳಗೆ ಇಳಿಯಬಾರದು, ಅದನ್ನು ಕೇಳಿ.

ಒಳ್ಳೆಯ ಥಿಯೇಟರಿನಲ್ಲಿ ಮಾಡುವುದು ಹೀಗೆ. ಟೂರ್ನಿಕೆಟ್ಟಿನ ಕೆಳ ಅಂಚಿಗೆ ಸುತ್ತಲೂ ಅಂಟುವ ಪ್ಲಾಸ್ಟಿಕ್ ಹಾಳೆ ಹಾಕಿ ಮೊದಲೇ ಸೀಲ್ ಮಾಡುತ್ತಾರೆ. ಹಿಂಬದಿಯಲ್ಲಿ ಸುಕ್ಕು ಉಳಿಯಬಾರದು, ನೀರು ನುಗ್ಗುವುದೇ ಆ ಸುಕ್ಕಿನಲ್ಲಿ. ಹತ್ತಿಯನ್ನು ಔಷಧಿಯಲ್ಲಿ ಅದ್ದಿ ಹಿಂಡಿ ಹಚ್ಚುತ್ತಾರೆ, ಬಟ್ಟಲಿನಿಂದ ಸುರಿಯುವುದಲ್ಲ. ಕುಂಡೆಯ ಅಡಿಗೆ ಒಂದು ಟವೆಲ್ ಇಟ್ಟಿರುತ್ತಾರೆ. ಹಚ್ಚಿ ಆದ ಮೇಲೆ ಅದನ್ನು ಎಳೆದು ತೆಗೆಯಬೇಕು. ಈ ತೆಗೆಯುವ ಕೆಲಸವೇ ಅವಸರದಲ್ಲಿ ಮರೆತುಹೋಗುವುದು. ಚಂಡಿ ಟವೆಲ್ ಅಲ್ಲೇ ಉಳಿದರೆ ಇಡದಿದ್ದರೇ ಒಳ್ಳೆಯದಿತ್ತು ಅನ್ನುವ ಹಾಗಾಗುತ್ತದೆ. ಆಮೇಲೆ ಔಷಧಿ ಒಣಗುವವರೆಗೆ, ಕಮ್ಮಿಯೆಂದರೆ ಮೂರು ನಿಮಿಷ, ಕೈ ಕಟ್ಟಿ ನಿಲ್ಲಬೇಕು. ಸರ್ಜನ್ ಗಡಿಯಾರ ನೋಡುತ್ತಿದ್ದರೂ ನಿಲ್ಲಬೇಕು. ಒಣಗಿದರೇ ಕ್ರಿಮಿ ಸಾಯುವುದೂ ಸರಿಯಾಗಿ. ಎಲ್ಲ ಮುಗಿದು ಟೂರ್ನಿಕೆಟ್ ಬಿಚ್ಚಿದ ಮೇಲೆ ಚಂಡಿ ಬಟ್ಟೆಯಲ್ಲಿ ಔಷಧಿ ಒರೆಸಿ ತೆಗೆದು, ಮಗ್ಗುಲು ಮಾಡಿ ಹಿಂಬದಿ ನೋಡಿ, ಕೆಂಪಿದ್ದರೆ ಬರೆದಿಟ್ಟು ವಾರ್ಡಿಗೆ ಕಳಿಸಬೇಕು. ನೀವು ಮರುದಿನ ಒರೆಸಿದಾಗ ಬಟ್ಟೆ ಹಳದಿ ಆಯಿತು ಅಂದಿರಿ. ಅಂದರೆ ಯಾರೂ ಒರೆಸಿಲ್ಲ.

ಉಪ್ಪಳದ ಚರ್ಮ ವೈದ್ಯ:

ಸಿಸ್ಟರ್ ಹೇಳಿದ್ದಕ್ಕೆ ನಾನು ಜಾಸ್ತಿ ಸೇರಿಸುವುದು ಇಲ್ಲ. ಅಲರ್ಜಿ ಅನ್ನುವ ಹಣೆಪಟ್ಟಿಯ ಬಗ್ಗೆ ಮಾತ್ರ ಬರೆಯುತ್ತೇನೆ, ಯಾಕೆಂದರೆ ಅದರಿಂದ ಮುಂದೆ ತೊಂದರೆ ಆಗುತ್ತದೆ.

ಅಯೋಡಿನ್ ನಮ್ಮ ಥೈರಾಯ್ಡ್ ಹಾರ್ಮೋನಿನ ಒಳಗೇ ಇರುವ ಧಾತು. ಅದಿಲ್ಲದೆ ಮನುಷ್ಯ ಬದುಕುವುದಿಲ್ಲ. ಆ ಧಾತುವಿಗೇ ಅಲರ್ಜಿ ಅನ್ನುವುದು ಇಲ್ಲ. ಬೆಟಾಡಿನ್ ಅಂದರೆ ಪೊವಿಡೋನ್ ಅಯೋಡಿನ್. ಆ ಔಷಧಿಗೆ ನಿಜವಾದ ಅಲರ್ಜಿ ಇರಬಹುದು, ಆದರೆ ಅಪರೂಪ. ಅದೂ ಹಲವು ಸಲ ಅಯೋಡಿನ್ನನ್ನು ಹಿಡಿದಿಡುವ ಪೊವಿಡೋನಿಗೋ ಬೆರೆಸಿದ ಬೇರೆ ವಸ್ತುವಿಗೋ ಆಗಿರುತ್ತದೆ. ಶೇ. 10ರ ದ್ರಾವಣದಲ್ಲಿ ಕೆಲಸಕ್ಕೆ ಬರುವ ಅಯೋಡಿನ್ ಶೇ. 1 ಮಾತ್ರ. ಪೊವಿಡೋನ್ ಅದನ್ನು ಸ್ವಲ್ಪ ಸ್ವಲ್ಪವಾಗಿ ಬಿಡುತ್ತದೆ. ಹಳೆಯ ಕಾಲದ ಟಿಂಕ್ಚರ್ ಅಯೋಡಿನ್ ಉರಿ ತಾಳಲಾಗದೆ 1950ರ ದಶಕದಲ್ಲಿ ಈ ಔಷಧಿ ಬಂದದ್ದೇ ಚರ್ಮಕ್ಕೆ ಹಿತವಾಗಿರಲಿ ಅಂತ.

ಇನ್ನು ಮೀನು. ಮೀನಿನ ಅಲರ್ಜಿ ಬರುವುದು ಅದರ ಮಾಂಸದ ಪ್ರೋಟೀನಿನಿಂದ. ಸಿಗಡಿ, ಏಡಿಯದ್ದು ಇನ್ನೊಂದು ಪ್ರೋಟೀನು. ಅಯೋಡಿನ್ನಿಗೂ ಅದಕ್ಕೂ ಏನೇನೂ ಸಂಬಂಧ ಇಲ್ಲ. ನಿಮ್ಮ ಅಮ್ಮ ಬೂತಾಯಿ ತಿನ್ನಲಿ. ಪ್ಯಾಕೆಟ್ ಉಪ್ಪನ್ನೂ ವಾಪಸ್ ತನ್ನಿ. ಅಯೋಡಿನ್ ಇಲ್ಲದ ಕಲ್ಲುಪ್ಪು ಮನೆಮಂದಿಯೆಲ್ಲ ತಿನ್ನತೊಡಗಿದರೆ ಅದರ ಬೆಲೆಯನ್ನು ಥೈರಾಯ್ಡ್ ಕೊಡಬೇಕಾಗುತ್ತದೆ. ಮನೆಯಲ್ಲಿ ಬಸುರಿಯರೋ ಮಕ್ಕಳೋ ಇದ್ದರಂತೂ ಬೇಡವೇ ಬೇಡ.

ಹಣೆಪಟ್ಟಿಯ ನಿಜವಾದ ತೊಂದರೆ ಇಲ್ಲಿದೆ. ಸಕ್ಕರೆ ಇರುವವರು. ನಾಳೆ ಎದೆನೋವು ಬಂದು ಆಂಜಿಯೋಗ್ರಾಮ್ ಬೇಕಾಯಿತು ಅಥವಾ ಸಿ.ಟಿ. ಸ್ಕ್ಯಾನ್ ಬೇಕಾಯಿತು ಅಂತ ಇಟ್ಟುಕೊಳ್ಳಿ. ಅಲ್ಲಿ ಕೊಡುವ ಬಣ್ಣದ ಇಂಜೆಕ್ಷನ್ನಿನಲ್ಲಿ ಅಯೋಡಿನ್ ಇರುತ್ತದೆ. ಕೆಂಪು ಶಾಯಿ ನೋಡಿದ ಕೂಡಲೇ ಅವರು ಹಿಂದೆಮುಂದೆ ನೋಡುತ್ತಾರೆ. ಆ ಇಂಜೆಕ್ಷನ್ನಿಗೆ ರಿಯಾಕ್ಷನ್ ಆಗುವ ಕಾರಣವೇ ಬೇರೆ, ಬೆಟಾಡಿನ್ ಗಾಯಕ್ಕೂ ಅದಕ್ಕೂ ಸಂಬಂಧ ಇಲ್ಲ. ಆದರೆ ಅವಸರದ ಹೊತ್ತಿನಲ್ಲಿ ಇದನ್ನೆಲ್ಲ ವಾದ ಮಾಡಲು ಯಾರಿಗೆ ಸಮಯ? ಹಾಗಾಗಿ ಈಗಲೇ ಸರಿ ಮಾಡಿಸಿ. ಗಾಯ ಪೂರ್ತಿ ಮಾಗಿದ ಮೇಲೆ ಚರ್ಮದ ಡಾಕ್ಟರ ಹತ್ತಿರ ತೋರಿಸಿ. ಔಷಧಿಯನ್ನು ಚರ್ಮಕ್ಕೆ ಹಚ್ಚಿ ಮುಚ್ಚಿ ಕಟ್ಟಿ ನೋಡುವ ಪ್ಯಾಚ್ ಟೆಸ್ಟನ್ನು ಪೊವಿಡೋನ್ ಅಯೋಡಿನ್ನಿಗೆ ಮಾಡಿದರೆ ಅಲರ್ಜಿ ಇಲ್ಲದವರಿಗೂ ಕೆಂಪಾಗುತ್ತದೆ, ಗಾಯ ಆದದ್ದೂ ಮುಚ್ಚಿದ್ದರಿಂದಲೇ ತಾನೆ. ಮೊಣಕೈಯ ಒಳಬದಿಗೆ ಸ್ವಲ್ಪ ಹಚ್ಚಿ, ಮುಚ್ಚದೆ ಬಿಟ್ಟು, ಕೆಲವು ದಿನ ಹಾಗೇ ಮಾಡಿ ನೋಡುವುದು ಉತ್ತಮ. ಅವರ ಮೇಲ್ವಿಚಾರಣೆಯಲ್ಲಿ ಮಾಡಿ. ಅತ್ತಿಗೆಯ ಮೊಬೈಲ್ ನೋಡಿ ಮಾಡಬೇಡಿ.

ಕ್ಲೋರ್‌ಹೆಕ್ಸಿಡಿನ್ ಬಗ್ಗೆ ಒಂದು ಮಾತು. ಅದು ಚರ್ಮಕ್ಕೆ ಸುಮಾರಾಗಿ ಹೊಂದಿಕೊಳ್ಳುತ್ತದೆ, ಆದರೆ ಜೀವಕ್ಕೆ ಅಪಾಯ ತರುವ ಅಲರ್ಜಿ ಅಪರೂಪಕ್ಕೆ ಅದರಲ್ಲೂ ಉಂಟು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲಿ ಇದರ ಬಗ್ಗೆ ಎಚ್ಚರಿಕೆ ಕೊಟ್ಟಿತ್ತು. ಕಣ್ಣಿಗೆ, ಕಿವಿಯ ಒಳಕ್ಕೆ ಹೋಗಬಾರದು. ತಿಂಗಳು ತುಂಬದೆ ಹುಟ್ಟಿದ ಮಕ್ಕಳ ಚರ್ಮಕ್ಕೂ ಅದು ಸುಟ್ಟ ಗಾಯ ಮಾಡುತ್ತದೆ. ಅಂದರೆ ಯಾವ ಔಷಧಿಯೂ ಸಾಧು ಅಲ್ಲ.

ಮುಳ್ಳೇರಿಯ ಮೆಡಿಕಲ್:

ಮೊದಲು ಆ ಡ್ರೆಸ್ಸಿಂಗ್ ಹುಡುಗನನ್ನು ನಿಲ್ಲಿಸಿ ಮಾರಾಯ್ರೆ. ಗಂಟಿನ ಹೊಲಿಗೆಗೆ ಏನು ಬೇಕಾದರೂ ಮಾಡಲಿ. ತೊಡೆಯ ಹಸಿ ಗಾಯಕ್ಕೆ ಅದೇ ಔಷಧಿ ಹಾಕಿ ಮುಚ್ಚಿ ಕಟ್ಟುವುದು ಯಾವ ನ್ಯಾಯ? ಸಲೈನಿನಲ್ಲಿ ತೊಳೆದು, ಪ್ಯಾರಾಫಿನ್ ಗಾಜ್ (ಜಿಡ್ಡು ಹಚ್ಚಿದ ಜಾಲರಿ ಬಟ್ಟೆ) ಇಟ್ಟು ಕಟ್ಟಿದರೆ ಬಿಚ್ಚುವಾಗ ಚರ್ಮ ಕಿತ್ತು ಬರುವುದಿಲ್ಲ. ಬೆಳ್ಳಿಯ ಅಂಶದ ಬಿಳಿ ಮುಲಾಮು ಕೆಲವರು ಬರೆದುಕೊಡುತ್ತಾರೆ. ಆದರೆ ಸಲ್ಫಾ ಔಷಧಿ ಆಗದವರಿಗೆ ಅದು ಆಗುವುದಿಲ್ಲ, ಡಾಕ್ಟರ್ ಹೇಳದೆ ತರಬೇಡಿ. ಸುಣ್ಣದ ತಿಳಿ, ತೆಂಗಿನೆಣ್ಣೆ, ಟೂತ್‌ಪೇಸ್ಟ್, ಅರಶಿನ ಏನೂ ಬೇಡ. ಸಕ್ಕರೆ ಇರುವವರಿಗೆ ಕೀವಾದರೆ ಕಷ್ಟ. ಈಗಷ್ಟೇ ಗಂಟಿಗೆ ಲೋಹ ಹಾಕಿಸಿಕೊಂಡವರು, ಮೈಯಲ್ಲಿ ಎಲ್ಲಿ ಕೀವಾದರೂ ಅದು ಗಂಟಿಗೆ ಹೋಗಬಹುದು. ಜ್ವರ, ವಾಸನೆ, ಸುತ್ತಲೂ ಕೆಂಪು ಹರಡುವುದು ಕಂಡರೆ ಅವತ್ತೇ ಸರ್ಜನ್ ಹತ್ತಿರ ಹೋಗಿ.

ನಮ್ಮ ಅಂಗಡಿಗೆ ಬರುವವರ ಕತೆಯೂ ಇದೇ. ಕತ್ತಿ ತಾಗಿದ ಗಾಯಕ್ಕೆ ಆಂಟಿಸೆಪ್ಟಿಕ್ ನೀರು ಬೆರೆಸದೆ ಸುರಿದು, ಅದರಲ್ಲೇ ಬಟ್ಟೆ ನೆನೆಸಿ ಬಿಗಿದು ಕಟ್ಟಿ ತೋಟದ ಕೆಲಸಕ್ಕೆ ಹೋಗುತ್ತಾರೆ. ಸಂಜೆ ಬಿಚ್ಚಿದರೆ ಕತ್ತಿಯ ಗಾಯ ಚಿಕ್ಕದು, ಸುತ್ತಲಿನ ಬೊಕ್ಕೆ ದೊಡ್ಡದು. ಎಷ್ಟು ನೀರು ಬೆರೆಸಬೇಕು ಅಂತ ಬಾಟಲಿ ಮೇಲೆಯೇ ಉಂಟು. ಓದುವವರು ಯಾರು?

ಕುಂಬಳೆಯ ಮಗಳು:

ಎಲ್ಲರಿಗೂ ತುಂಬ ಧನ್ಯವಾದ. ಡ್ರೆಸ್ಸಿಂಗ್ ಬದಲಿಸಿದ್ದೇವೆ, ಗಾಯ ಅಂಚಿನಿಂದ ಒಳಕ್ಕೆ ಮುಚ್ಚುತ್ತಾ ಬಂದಿದೆ. ಮಧ್ಯದಲ್ಲಿ ಮಾತ್ರ ಇನ್ನೂ ಹಸಿ. ಸುತ್ತ ಕಪ್ಪಾಗಿದೆ, ಅದು ಹೋಗುತ್ತದಾ?

ಕೇಸ್ ಶೀಟ್ ಕೇಳಿದೆವು. ಕೊಡುವುದಿಲ್ಲ ಅನ್ನಲಿಲ್ಲ, ನಾಳೆ ಬನ್ನಿ ಅನ್ನುತ್ತಾರೆ. ನಮಗೆ ದೂರು ಕೊಡುವ ಮನಸ್ಸಿಲ್ಲ. ಅಮ್ಮನಿಗೆ ಸರ್ಜನ್ ಮೇಲೆ ವಿಶ್ವಾಸ ಉಂಟು. ಇದನ್ನೆಲ್ಲ ಅವರ ಹತ್ತಿರ ಹೇಗೆ ಎತ್ತುವುದು ಅಂತ ಗೊತ್ತಾಗುತ್ತಿಲ್ಲ. ನೀವೇ ಕಲಿಸಲು ಬಂದಿರಾ ಅಂದರೆ?

ಉಪ್ಪಳದ ಚರ್ಮ ವೈದ್ಯ:

ಕಪ್ಪು ನಿಧಾನಕ್ಕೆ ಇಳಿಯುತ್ತದೆ, ತಿಂಗಳುಗಟ್ಟಲೆ ಬೇಕು. ನಮ್ಮಂಥ ಬಣ್ಣದ ಚರ್ಮದಲ್ಲಿ ಹಾಗೇ. ಮೇಲ್ಪದರದ ಗಾಯ ಎರಡು ಮೂರು ವಾರದಲ್ಲಿ ಮುಚ್ಚುತ್ತದೆ. ಮಧ್ಯದ ಹಸಿ ಅದಕ್ಕಿಂತ ಜಾಸ್ತಿ ದಿನ ಹಾಗೇ ಉಳಿದರೆ ಆಳಕ್ಕೆ ಹೋಗಿದೆ ಅಂತ ಅರ್ಥ, ತೋರಿಸಲೇಬೇಕು. ಅದು ಮುಚ್ಚುವ ಮೊದಲು ಎಡಗಾಲಿಗೆ ದಿನ ಗೊತ್ತು ಮಾಡಬೇಡಿ.

ಪೆರ್ಲದ ಭಟ್ರು:

ಕೇಸ್ ಶೀಟ್ ಬಗ್ಗೆ ನಾನು ಹೇಳುತ್ತೇನೆ. ಬಾಯಲ್ಲಿ ಕೇಳಬೇಡಿ, ಬರೆದು ಕೊಟ್ಟು ಸೀಲ್ ಹಾಕಿಸಿಕೊಳ್ಳಿ. ಮೆಡಿಕಲ್ ಕೌನ್ಸಿಲಿನ 2002ರ ನಿಯಮದಲ್ಲಿ ಕೇಳಿದ 72 ಗಂಟೆಯ ಒಳಗೆ ಕೊಡಬೇಕು ಅಂತ ಉಂಟು. ದೂರು ಕೊಡುವುದು ಬಿಡುವುದು ಆಮೇಲಿನ ಮಾತು. ಫೋಟೋ ಇದ್ದರೆ ತಾರೀಕು ಸಮೇತ ಇಟ್ಟುಕೊಳ್ಳಿ.

ಬದಿಯಡ್ಕದ ಸಿಸ್ಟರ್:

ಈ ವಿಷಯದಲ್ಲಿ ಭಟ್ರು ಹೇಳಿದ್ದು ಸರಿ. ಕಾಗದ ಕೈಯಲ್ಲಿರಲಿ.

ಸರ್ಜನ್ ಹತ್ತಿರ ಎತ್ತುವುದಕ್ಕೆ ಹೆದರಬೇಡಿ ತಂಗೀ. ಫೋಟೋ ತೋರಿಸಿ, 'ಡಾಕ್ಟ್ರೇ, ಟೂರ್ನಿಕೆಟ್ ಅಡಿಗೆ ಔಷಧಿ ಇಳಿದಿತ್ತು ಅಂತ ಕಾಣುತ್ತದೆ, ಈ ಸಲ ಸೀಲ್ ಮಾಡಿಸ್ತೀರಾ?' ಅಂತ ಕೇಳಿ. ಅಷ್ಟೇ. ಮೂಳೆ ಡಾಕ್ಟರುಗಳಿಗೆಲ್ಲ ಈ ಗಾಯ ಗೊತ್ತು, ಪಟ್ಟಿಯ ಆಕಾರ ನೋಡಿದರೆ ಅವರೇ ಹೇಳುತ್ತಾರೆ. ಈಗ ಕೆಲವರು ಟೂರ್ನಿಕೆಟ್ ಕಟ್ಟದೆಯೇ, ಅಥವಾ ಹೊಸ ಗಂಟನ್ನು ಮೂಳೆಗೆ ಅಂಟಿಸುವ ಸಿಮೆಂಟ್ ಹಾಕುವ ಹೊತ್ತಿಗೆ ಮಾತ್ರ ಗಾಳಿ ತುಂಬಿ, ಗಂಟಿನ ಆಪರೇಶನ್ ಮಾಡುವುದೂ ಉಂಟು. ಅದು ಅವರ ಇಷ್ಟ, ಕೇಳಿ ನೋಡಬಹುದು. ಜೊತೆಗೆ ಡಿಸ್ಚಾರ್ಜ್ ಕಾರ್ಡಿನಲ್ಲಿ 'ಅಯೋಡಿನ್ ಅಲರ್ಜಿ' ಹೊಡೆದು ಹಾಕಿಸಿ, 'ಟೂರ್ನಿಕೆಟ್ ಅಡಿಯಲ್ಲಿ ಔಷಧಿ ನಿಂತು ಆದ ಗಾಯ' ಅಂತ ಅವರ ಕೈಯಿಂದಲೇ ಬರೆಸಿ ಸಹಿ ಹಾಕಿಸಿ.

ಆಪರೇಶನ್ ಹಿಂದಿನ ದಿನ ಅರಿವಳಿಕೆ ಡಾಕ್ಟರು ಬಂದು ಪ್ರಶ್ನೆ ಕೇಳುತ್ತಾರಲ್ವಾ, ಅವರಿಗೂ ಹೇಳಿ. ಥಿಯೇಟರಿನಲ್ಲಿ ರೋಗಿಯ ತಲೆಯ ಹತ್ತಿರ ಕೊನೆಯವರೆಗೂ ಇರುವವರು ಅವರು. ಬಾಗಿಲಲ್ಲಿ ಹೆಸರು, ಯಾವ ಕಾಲು ಅಂತ ಕೇಳಿ ಟಿಕ್ ಹಾಕುವ ಸಿಸ್ಟರಿಗೆ ಇನ್ನೊಂದು ಸಲ ಹೇಳಿ. ಮಲಯಾಳದಲ್ಲಿ ಹೇಳಲು ಬರುತ್ತದಾದರೆ ಮಲಯಾಳದಲ್ಲೇ ಹೇಳಿ, ಬೇಗ ಕೆಲಸ ಆಗುತ್ತದೆ. ವಾರ್ಡಿಗೆ ಬಂದ ಮೇಲೆ ಮರುದಿನದವರೆಗೆ ಕಾಯಬೇಡಿ. ಅವತ್ತೇ ಡ್ಯೂಟಿ ಸಿಸ್ಟರನ್ನು ಕರೆದು, ಇಬ್ಬರು ಸೇರಿ ಮಗ್ಗುಲಾಗಿಸಿ ಹಿಂಬದಿ ನೋಡಿ. ಕಂದು ಕಂಡರೆ ಬರೀ ನೀರಿನಲ್ಲಿ ಒರೆಸಿ, ಬಟ್ಟೆ ಬದಲಿಸಿ.

ಮತ್ತೆ ಭಟ್ರ ಪ್ಲೇಟಿನ ವಿಷಯ ಈಗ ಕೆಲಸಕ್ಕೆ ಬರುತ್ತದೆ. ಎಡಗಾಲಿನ ಆಪರೇಶನ್ನಿಗೆ ಕಾಟರಿಯ ಪ್ಲೇಟನ್ನು ಸಾಮಾನ್ಯವಾಗಿ ಆಚೆ ಕಾಲಿನ ತೊಡೆಗೆ ಅಂಟಿಸುವುದು. ಅಂದರೆ ಅಮ್ಮನ ಬಲ ತೊಡೆಗೆ, ಈ ಗಾಯ ಇರುವ ಕಡೆಗೆ. ಮಾಗಿದ ಕಲೆಯ ಮೇಲೆ ಪ್ಲೇಟ್ ಸರಿಯಾಗಿ ಹಿಡಿಯುವುದಿಲ್ಲ. ಆ ಕಾಲಿನ ಗಂಟಿನಲ್ಲಿ ಈಗ ಲೋಹವೂ ಉಂಟು, ಅದರ ಮೇಲೂ ಅಂಟಿಸಬಾರದು. ಬಲ ತೊಡೆಯ ಹಿಂದೆ ಕಲೆ ಉಂಟು, ಪ್ಲೇಟ್ ಬೇರೆ ಕಡೆ ಹಾಕಿ ಅಂತ ಕೇಸ್ ಶೀಟಿನಲ್ಲಿ ಮೊದಲೇ ಬರೆಸಿಡಿ. ಎಲ್ಲಿ ಅಂತ ಅವರೇ ನೋಡಿಕೊಳ್ಳುತ್ತಾರೆ.